ಪ್ಲಗ್ಗಿನ ತನಕ ಕಾಯ್ದೆ, ಆಮೇಲೆ ದೇವರೇ ಗತಿ

ಏಪ್ರಿಲ್ ಬಂತೆಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚಲಿ ಎಂದು ಆದೇಶವಾಗುತ್ತದೆ. ಕಾರಣ ಬಿಸಿಲು. ಆದೇಶದಲ್ಲಿ ತಪ್ಪೇನಿಲ್ಲ. ರಾಯಚೂರು ಜಿಲ್ಲೆಯ ಬಿಸಿಲನ್ನು ಬಲ್ಲವರು ಯಾರೂ ಅದನ್ನು ಆಡಿಕೊಳ್ಳುವುದಿಲ್ಲ. ಆದರೆ ಆ ಒಂದೂವರೆ ಗಂಟೆಗೇ ಇನ್ನೊಬ್ಬರ ಕೆಲಸ ಜೋರಾಗುತ್ತದೆ. ಸಿಂಧನೂರಿನ ಯಾವುದೋ ಆಸ್ಪತ್ರೆಯ ಮಾಳಿಗೆ, ಮಸ್ಕಿಯ ಬಟ್ಟೆ ಅಂಗಡಿಯ ತಗಡಿನ ಮೇಲ್ಛಾವಣಿ, ಲಿಂಗಸುಗೂರಿನ ಬ್ಯಾಂಕಿನ ಹಿಂಗೋಡೆ. ಅಲ್ಲಿ ಒಬ್ಬ ಹುಡುಗ ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯಲ್ಲಿ ಗ್ಯಾಸಿನ ಸಿಲಿಂಡರ್ ಹಿಡಿದು ಕೂತಿರುತ್ತಾನೆ. ಒಳಗೆ ತಂಪು ಬಂದಿತೋ ಇಲ್ಲವೋ ಎಂದು ಕೆಳಗಿನಿಂದ ಕೂಗಿ ಕೇಳುತ್ತಿರುತ್ತಾರೆ.

ಈ ಹುಡುಗನಿಗೆ ಆ ಕೆಲಸ ಮಾಡಲು ಸರ್ಕಾರದ ಪರವಾನಗಿ ಬೇಕೇ? ಬೇಡ. ಅವನನ್ನು ಕಳಿಸಿದ ಗುತ್ತಿಗೆದಾರನಿಗೆ? ಅವನಿಗೂ ಬೇಡ. ಕರ್ನಾಟಕದಲ್ಲಿ ಏಸಿ, ಫ್ರಿಜ್ ಜೋಡಿಸುವವರಿಗೆ ಮತ್ತು ರಿಪೇರಿ ಮಾಡುವವರಿಗೆ ಎಂದೇ ಮೀಸಲಾದ ಲೈಸೆನ್ಸ್ ಇಲ್ಲ. ಬೇಕು ಎಂಬುದು ನನ್ನ ವಾದ. ಆದರೆ ನಗರದ ಸುಶಿಕ್ಷಿತರು "ಲೈಸೆನ್ಸ್ ತನ್ನಿ, ಈ ನಕಲಿ ಮೆಕ್ಯಾನಿಕ್‌ಗಳನ್ನು ಓಡಿಸಿ" ಎನ್ನುವಾಗ ಕೇಳುವ ಲೈಸೆನ್ಸ್ ಅದಲ್ಲ. ಅವರು ಕೇಳುವುದು ಗೇಟು, ನಾನು ಕೇಳುವುದು ಬಾಗಿಲು. ಈ ಎರಡರ ನಡುವಿನ ವ್ಯತ್ಯಾಸಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಕಾನೂನು ಎಲ್ಲಿಯವರೆಗೆ ಬಂದು ನಿಂತಿದೆ ನೋಡೋಣ. ಮನೆಯ ವಯರಿಂಗ್ ಮಾಡಿಸಬೇಕಾದರೆ ಲೈಸೆನ್ಸ್ ಹೊಂದಿದ ವಿದ್ಯುತ್ ಗುತ್ತಿಗೆದಾರ ಬೇಕು. ಅವನ ಕೈಕೆಳಗೆ ಕೆಲಸ ಮಾಡುವವನಿಗೆ ವೈರ್‌ಮನ್ ಪರ್ಮಿಟ್ ಬೇಕು, ಮೇಲುಸ್ತುವಾರಿಗೆ ಸೂಪರ್‌ವೈಸರ್ ಪರ್ಮಿಟ್ ಬೇಕು. ಇವನ್ನು ನೋಡಿಕೊಳ್ಳಲು ವಿದ್ಯುತ್ ಪರಿವೀಕ್ಷಣಾಲಯ ಎಂಬ ಇಲಾಖೆಯೇ ಇದೆ. ಇದು ಇಂದಿನ ಮಾತಲ್ಲ, 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಿಂದ ಬಂದ ಪದ್ಧತಿ. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದಾಗಲೂ ಅದು ಮುಂದುವರಿಯಿತು. ಜೆಸ್ಕಾಂನಿಂದ ಹೊಸ ಸಂಪರ್ಕ ಪಡೆಯಲು ಓಡಾಡಿದವರಿಗೆಲ್ಲ ಈ ಗುತ್ತಿಗೆದಾರನ ಸಹಿ, ಸೀಲು ಎಂದರೇನು ಎಂದು ಗೊತ್ತು.

ಆದರೆ ಅದೇ ನಿಯಮದೊಳಗೆ ಒಂದು ವಿನಾಯಿತಿ ಕೂತಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಮತ್ತು ಗೃಹೋಪಯೋಗಿ ಉಪಕರಣಗಳನ್ನು ಬದಲಿಸಲು ಲೈಸೆನ್ಸ್ ಇರುವವನೇ ಬೇಕಿಲ್ಲ. ವಿದ್ಯುತ್ ಜಾಲದ ಸ್ವರೂಪ ಮತ್ತು ಸಾಮರ್ಥ್ಯ ಬದಲಾಗದಿದ್ದರೆ ಸಾಕು. 1956ರಲ್ಲಿ ಇದು ವಿವೇಕದ ಮಾತು. ಬಲ್ಬು ಹಾಕಲು ಯಾರಾದರೂ ಇನ್‌ಸ್ಪೆಕ್ಟರನನ್ನು ಕಾಯುತ್ತಾರೆಯೇ? ಆ ಕಾಲದ ಸಿಂಧನೂರಿನಲ್ಲಿ ಏಸಿ ಎಷ್ಟಿದ್ದೀತು? ಇವತ್ತು ಅದೇ ವಿನಾಯಿತಿಯ ನೆರಳಿನಲ್ಲಿ, ಹೊತ್ತಿಕೊಳ್ಳಬಲ್ಲ ಅನಿಲವನ್ನು ಒತ್ತಡದಲ್ಲಿ ತುಂಬಿಕೊಂಡ ಒಂದು ಯಂತ್ರ ಬಲ್ಬಿನ ಪಕ್ಕದ ಸಾಲಿನಲ್ಲಿ ನಿಂತಿದೆ. ಕಾಯ್ದೆ ಗೋಡೆಯ ಪ್ಲಗ್ಗಿನ ತನಕ ಬರುತ್ತದೆ. ಪ್ಲಗ್ಗಿನಾಚೆ ತಾಮ್ರದ ಪೈಪು, ಕಂಪ್ರೆಸರು, ಗ್ಯಾಸು, ಮೂರನೇ ಮಹಡಿಯ ಹೊರಗೋಡೆಗೆ ಬೋಲ್ಟು ಹಾಕಿ ತೂಗುಬಿಟ್ಟ ಔಟ್‌ಡೋರ್ ಯೂನಿಟ್. ಅಲ್ಲಿ ಕಾಯ್ದೆ ಇಲ್ಲ, ದೇವರಿದ್ದಾನೆ.

ಹಾಗೆಂದು ಈ ಮೆಕ್ಯಾನಿಕ್ ಕಾಗದವೇ ಇಲ್ಲದೆ ಬದುಕುತ್ತಿದ್ದಾನೆ ಎಂದುಕೊಳ್ಳಬೇಡಿ. ಅಂಗಡಿ ಇಟ್ಟರೆ ಸಿಂಧನೂರಿನಲ್ಲಿ ನಗರಸಭೆಯ, ಮಸ್ಕಿ, ಲಿಂಗಸುಗೂರುಗಳಲ್ಲಿ ಪುರಸಭೆಯ ಉದ್ದಿಮೆ ಪರವಾನಗಿ ಬೇಕು. ವಹಿವಾಟು ಮಿತಿ ಮೀರಿದರೆ ಜಿಎಸ್‌ಟಿ ಸಂಖ್ಯೆ ಬೇಕು. ಈ ಕಾಗದಗಳು ಅಂಗಡಿ ಎಲ್ಲಿದೆ, ಯಾರ ಹೆಸರಿನಲ್ಲಿದೆ, ಎಷ್ಟು ದುಡ್ಡು ಬಂತು ಎಂದು ಕೇಳುತ್ತವೆ. ನಿನಗೆ ಕೆಲಸ ಬರುತ್ತದೆಯೇ, ಬಿದ್ದರೆ ನಿನ್ನನ್ನು ಯಾರು ಎತ್ತುತ್ತಾರೆ ಎಂದು ಒಂದು ಕಾಗದವೂ ಕೇಳುವುದಿಲ್ಲ.

ಇದು ಯಾಕೆ ಇಷ್ಟು ಮುಖ್ಯ ಎಂದು ಕೇಳಬಹುದು. ಇಷ್ಟು ವರ್ಷ ನಡೆದಿಲ್ಲವೇ? ನಡೆದಿದೆ. ಆದರೆ ಪೈಪಿನೊಳಗಿನ ಗ್ಯಾಸು ಬದಲಾಗಿದೆ, ಮೇಲಿನ ಕೈ ಬದಲಾಗಿಲ್ಲ.

ನಮ್ಮ ಹಳೆಯ ಏಸಿಗಳಲ್ಲಿದ್ದದ್ದು ಆರ್-22. ಅದು ಸುಲಭಕ್ಕೆ ಬೆಂಕಿ ಹಿಡಿಯದ ಗ್ಯಾಸು, ಆದರೆ ಓಜೋನ್ ಪದರಕ್ಕೆ ಕುತ್ತು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಹಳೆಯ ಫ್ರಿಜ್ಜುಗಳ ಸಿಎಫ್‌ಸಿ 2010ರ ಹೊತ್ತಿಗೆ ನಿಂತಿತು. ಹೊಸ ಯಂತ್ರಗಳ ತಯಾರಿಕೆಯಲ್ಲಿ ಆರ್-22ರಂಥವುಗಳ ಬಳಕೆಗೆ 2024ರ ಕೊನೆಗೆ ತೆರೆ ಬಿತ್ತು. ಅದರ ಜಾಗಕ್ಕೆ ಆರ್-410ಎ ಬಂತು. ಅದು ಓಜೋನಿಗೆ ಸಾಧು, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,000 ಪಟ್ಟು ಬಲಶಾಲಿ. ಹಾಗಾಗಿ ಆರ್-32. ಅದರ ಬಲ ಸುಮಾರು 675 ಪಟ್ಟು. ಇನ್ನೂ ಮುಂದಕ್ಕೆ ಹೋದರೆ ಆರ್-290, ಅಂದರೆ ಪ್ರೊಪೇನ್. ನಮ್ಮ ಅಡುಗೆಮನೆಯ ಗ್ಯಾಸಿನ ಖಾಸಾ ಬಂಧು. ಮನೆಯ ಹೊಸ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿರುವ ಆರ್-600ಎ ಕೂಡ ಅದೇ ಕುಲದ ಐಸೋಬ್ಯೂಟೇನ್. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದೆ. ಆದ್ದರಿಂದ ಮುಂದಿನ ದಾರಿ ಇದೇ.

ಈ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿದರೆ ಒಂದು ಸಂಗತಿ ಕಾಣುತ್ತದೆ. ಗ್ಯಾಸು ಭೂಮಿಗೆ ಒಳ್ಳೆಯದಾಗುತ್ತ ಹೋದಂತೆ ಮೆಕ್ಯಾನಿಕ್‌ನ ಪಾಲಿಗೆ ಅಪಾಯಕಾರಿಯಾಗುತ್ತ ಹೋಗಿದೆ. ಆರ್-32 ಮಂದವಾಗಿಯಾದರೂ ಹೊತ್ತಿಕೊಳ್ಳುತ್ತದೆ, ಒತ್ತಡವಂತೂ ಆರ್-22ಕ್ಕಿಂತ ಬಹಳ ಹೆಚ್ಚು. ಪ್ರೊಪೇನ್ ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಕಾದಿರುತ್ತದೆ. ಹವಾಮಾನದ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದವು. ಅದರ ಅಪಾಯವನ್ನು ಹೊತ್ತವನು ತಗಡಿನ ಮೇಲೆ ಕೂತ ಹುಡುಗ. ಅವನನ್ನು ಯಾರೂ ಸಹಿ ಕೇಳಲಿಲ್ಲ.

ಕೆಲಸದ ಒಳಗಿನ ಕೆಲವು ವಿವರಗಳನ್ನು ಹೇಳಿದರೆ ಇದು ಇನ್ನಷ್ಟು ಸ್ಪಷ್ಟವಾದೀತು. ಹೊಸ ಪೈಪು ಜೋಡಿಸಿದ ಮೇಲೆ ಒಳಗಿನ ಗಾಳಿ ಮತ್ತು ತೇವವನ್ನು ವ್ಯಾಕ್ಯೂಮ್ ಪಂಪಿನಿಂದ ಎಳೆದು ತೆಗೆಯಬೇಕು. ಪಂಪಿಗೆ ದುಡ್ಡು ಬೇಕು, ಅದು ಓಡಲು ಸಮಯ ಬೇಕು. ಹಾಗಾಗಿ ಸ್ವಲ್ಪ ಗ್ಯಾಸನ್ನೇ ಬಿಟ್ಟು ಗಾಳಿಯನ್ನು ಹೊರದೂಡುವ ಅಡ್ಡದಾರಿ ಆರ್-22ರ ಕಾಲದಿಂದ ರೂಢಿಯಲ್ಲಿದೆ. ಆಗ ಅದರಿಂದ ಓಜೋನಿಗೆ ತೂತು, ಈಗ ಪಕ್ಕದಲ್ಲಿ ಬ್ರೇಜಿಂಗ್ ಟಾರ್ಚ್ ಉರಿಯುತ್ತಿದ್ದರೆ ಮುಖಕ್ಕೆ ಬೆಂಕಿ. ಸೋರಿಕೆ ಪರೀಕ್ಷಿಸಲು ಒಣ ನೈಟ್ರೋಜನ್ ಬಳಸಬೇಕು. ಅದು ಸಿಗದಲ್ಲಿ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿದರೆ, ಕಂಪ್ರೆಸರಿನ ಎಣ್ಣೆಗೆ ಒತ್ತಡದ ಆಕ್ಸಿಜನ್ ತಾಗಿ ಸಿಡಿಯುತ್ತದೆ. ಮನೆ ಬದಲಿಸುವಾಗ ಗ್ಯಾಸನ್ನೆಲ್ಲ ಔಟ್‌ಡೋರ್ ಯೂನಿಟ್ಟಿಗೆ ಎಳೆದುಕೊಳ್ಳುವ ಪಂಪ್‌ಡೌನ್ ಎಂಬ ಕೆಲಸವಿದೆ. ಆಗ ಎಲ್ಲೋ ಪೈಪು ಸಡಿಲವಾಗಿ ಗಾಳಿಯೂ ಒಳಕ್ಕೆ ಹೋದರೆ ಕಂಪ್ರೆಸರು ಡೀಸೆಲ್ ಎಂಜಿನ್ನಿನಂತೆ ತನ್ನೊಳಗೇ ಹೊತ್ತಿ ಸ್ಫೋಟಿಸಬಲ್ಲದು. ಇವೆಲ್ಲ ರಾಕೆಟ್ ವಿಜ್ಞಾನವಲ್ಲ. ನಾಲ್ಕು ದಿನ ಸರಿಯಾಗಿ ಕಲಿಸಿದರೆ ಯಾರೂ ಮರೆಯುವುದಿಲ್ಲ. ಆದರೆ ಕಲಿಸಿದವರು ಯಾರು?

ಅಸಂಘಟಿತ ದುಡಿಮೆಯ ಮೇಲಿನ ನನ್ನ ಸಂಶೋಧನೆಗಾಗಿ ಈ ಮೂರು ಊರುಗಳ ರಿಪೇರಿ ಅಂಗಡಿಗಳ ಮುಂದೆ ಬಹಳ ಹೊತ್ತು ಕೂತಿದ್ದೇನೆ. ಕಲಿಕೆ ಎಲ್ಲ ಕಡೆಯೂ ಒಂದೇ ಬಗೆ. ಹತ್ತನೇ ತರಗತಿ ಫೇಲಾದವನೋ, ಪಾಸಾಗಿ ಮುಂದಕ್ಕೆ ಹೋಗಲಾಗದವನೋ ಒಬ್ಬ ಉಸ್ತಾದನ ಹತ್ತಿರ ಸೇರುತ್ತಾನೆ. ಮೊದಲು ಏಣಿ ಹಿಡಿಯುತ್ತಾನೆ, ಆಮೇಲೆ ಫಿಲ್ಟರ್ ತೊಳೆಯುತ್ತಾನೆ, ಆಮೇಲೆ ಪೈಪಿನ ತುದಿಯನ್ನು ಅಗಲಿಸಿ ಫ್ಲೇರ್ ಮಾಡಲು ಕಲಿಯುತ್ತಾನೆ, ಕೊನೆಗೆ ಗ್ಯಾಸು ಹೊಡೆಯುತ್ತಾನೆ. ಉಸ್ತಾದನಿಗೆ ಗೊತ್ತಿದ್ದಷ್ಟು ಶಿಷ್ಯನಿಗೆ ಗೊತ್ತಾಗುತ್ತದೆ. ಕಂಪ್ರೆಸರಿನ ಸದ್ದು ಕೇಳಿಯೇ ರೋಗ ಹೇಳುವ ಉಸ್ತಾದರಿದ್ದಾರೆ, ಅದು ಯಾವ ಪುಸ್ತಕದಲ್ಲೂ ಸಿಗದ ವಿದ್ಯೆ. ಆದರೆ ಉಸ್ತಾದ ಕಲಿತದ್ದು ಆರ್-22ರ ಕಾಲದಲ್ಲಿ. ಸಿಲಿಂಡರಿನ ಮೇಲಿನ ಬೆಂಕಿಯ ಗುರುತು ತೋರಿಸಿ ಇದೇನೆಂದು ಒಬ್ಬ ಹುಡುಗನನ್ನು ಕೇಳಿದೆ. "ಅದು ಎಲ್ಲಾ ಸಿಲಿಂಡರ್ ಮ್ಯಾಲೂ ಇರತೈತ್ರಿ, ಕಂಪನಿ ಗುರ್ತು" ಎಂದ. ಗುರುತಿನ ಪಕ್ಕದಲ್ಲಿದ್ದ ಎಚ್ಚರಿಕೆ ಇಂಗ್ಲಿಷಿನಲ್ಲಿತ್ತು. ಯಂತ್ರದ ಜೊತೆ ಬರುವ ಕೈಪಿಡಿ ಇಂಗ್ಲಿಷ್, ಬಹಳ ಆದರೆ ಹಿಂದಿ. ಕನ್ನಡದಲ್ಲಿ ಕಥೆ, ಕವನ, ವಿಮರ್ಶೆ ಬರೆಯುವ ನಾವು ಭಾಷೆಯ ಅಳಿವು ಉಳಿವಿನ ಬಗ್ಗೆ ವಿಚಾರಸಂಕಿರಣ ಮಾಡುತ್ತಿರುತ್ತೇವೆ. ಒಂದು ಎಚ್ಚರಿಕೆ ಕನ್ನಡದಲ್ಲಿ ಇಲ್ಲದ್ದಕ್ಕೆ ಒಂದು ಕೈ ಸುಡಬಹುದು ಎಂಬುದು ನಮ್ಮ ಭಾಷಾ ಚರ್ಚೆಯೊಳಗೆ ಬಂದದ್ದನ್ನು ನಾನು ಕಂಡಿಲ್ಲ.

ಇಂಥವರನ್ನೇ ನಾವು "ನಕಲಿ ಮೆಕ್ಯಾನಿಕ್" ಎನ್ನುತ್ತೇವೆ. ನಕಲಿ ಎನ್ನಬೇಕಾದರೆ ಎಲ್ಲೋ ಒಂದು ಅಸಲಿ ಇರಬೇಕು. ಅಸಲಿ ಎಂದರೆ ಯಾರು? ರಾಜ್ಯ ಯಾವತ್ತಾದರೂ ಅಸಲಿಯನ್ನು ಗುರುತಿಸಿತೇ? ನಕಲಿ ವೈದ್ಯ ಎನ್ನಬಹುದು, ಯಾಕೆಂದರೆ ವೈದ್ಯರ ನೋಂದಣಿ ಇದೆ. ನೋಂದಣಿಯೇ ಇಲ್ಲದ ಕಸುಬಿನಲ್ಲಿ ನಕಲಿ ಎಂಬುದು ಬೈಗುಳ ಮಾತ್ರ, ಬಡವನಿಗೆ ಬಿದ್ದ ಬೈಗುಳ.

ಗುರುತಿಸುವುದು ಬಂದಾಗಲೂ ರಾಜ್ಯದ ಕಣ್ಣು ಎಲ್ಲಿಗೆ ಹೋಗುತ್ತದೆ ನೋಡಿ. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. ಪ್ರಮಾಣಪತ್ರ, ಗುರುತಿನ ಚೀಟಿ, ಉಪಕರಣಕ್ಕೆ 15,000 ರೂಪಾಯಿ, ಜಾಮೀನಿಲ್ಲದೆ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ. ಒಳ್ಳೆಯದೇ. ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಕ್ಷೌರಿಕ, ಅಗಸ, ದರ್ಜಿ ಹೀಗೆ 18 ಕಸುಬುಗಳು ಅದರಲ್ಲಿವೆ. ಫ್ರಿಜ್ ರಿಪೇರಿಯವನಿಲ್ಲ, ಮೋಟಾರ್ ಸುತ್ತುವವನಿಲ್ಲ. ಅಪ್ಪನಿಂದ ಮಗನಿಗೆ, ಅಂದರೆ ಜಾತಿಯ ದಾರಿಯಲ್ಲಿ ಹರಿದು ಬಂದ ಕೈಕೆಲಸ ರಾಜ್ಯಕ್ಕೆ ಕಸುಬಾಗಿ ಕಾಣುತ್ತದೆ. ಜಾತಿಯ ಹೊರಗೆ, ಉಸ್ತಾದನ ಅಂಗಡಿಯಲ್ಲಿ, ಯಾರು ಬೇಕಾದರೂ ಕಲಿಯಬಹುದಾದ ಕೈಕೆಲಸ ಕಾಣುವುದೇ ಇಲ್ಲ. ಮಸ್ಕಿಯ ಯಾವ ಹುಡುಗನೂ ಜಾತಿಯಿಂದ ಏಸಿ ಮೆಕ್ಯಾನಿಕ್ ಆದವನಲ್ಲ. ಅದು ಈ ಕಸುಬಿನ ಹೆಮ್ಮೆಯಾಗಬೇಕಿತ್ತು, ಆದರೆ ಅದೇ ಅದರ ಅನಾಥತನವಾಗಿದೆ.

ಈಗ ಎದುರು ವಾದಗಳಿಗೆ ಬರೋಣ. ಮೊದಲನೆಯದು: ಐಟಿಐ ಪ್ರಮಾಣಪತ್ರ ಕಡ್ಡಾಯ ಮಾಡಿಬಿಡಿ, ಇಲ್ಲದವರು ಗ್ಯಾಸು ಮುಟ್ಟಬಾರದು. ಕೇಳಲು ಸರಳ. ಐಟಿಐಗಳಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡಿಷನಿಂಗ್ ಎಂಬ ಎರಡು ವರ್ಷದ ಕೋರ್ಸು ಇದೆ, ಅದಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು. ಹದಿನೈದು ವರ್ಷದಿಂದ ಗ್ಯಾಸು ಹೊಡೆಯುತ್ತಿರುವ, ಮನೆಯಲ್ಲಿ ಮೂರು ಮಕ್ಕಳಿರುವ ಉಸ್ತಾದ ಈಗ ಎರಡು ವರ್ಷ ಬೆಂಚಿನ ಮೇಲೆ ಕೂತು ಬರಬೇಕೇ? ಅವನು ಬರುವುದಿಲ್ಲ. ಬದಲಿಗೆ ಪ್ರಮಾಣಪತ್ರ ಇರುವ ಯಾರದೋ ಹೆಸರಿನಲ್ಲಿ ಲೈಸೆನ್ಸ್ ಬರುತ್ತದೆ, ಅದರ ಬಾಡಿಗೆಯನ್ನು ಉಸ್ತಾದ ಕಟ್ಟುತ್ತಾನೆ, ಮಾಳಿಗೆ ಹತ್ತುವವನು ಅದೇ ಹುಡುಗ. ಡ್ರೈವಿಂಗ್ ಲೈಸೆನ್ಸಿಗೆ ಏಜೆಂಟನ ಮನೆ ಯಾವುದೆಂದು ಮೊದಲು ಕೇಳುವ ನಾಡಿನಲ್ಲಿ ಇದನ್ನು ವಿವರಿಸಿ ಹೇಳಬೇಕಿಲ್ಲ.

ಲೈಸೆನ್ಸ್ ಎಂಬುದು ಎಷ್ಟೋ ಸಲ ಗ್ರಾಹಕನನ್ನು ಕಾಯುವ ಹೆಸರಿನಲ್ಲಿ ಒಳಗಿರುವವರನ್ನು ಹೊರಗಿರುವವರಿಂದ ಕಾಯುತ್ತದೆ ಎಂದು ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ವಾದಿಸಿದ್ದ. ಅವನ ಮಾರುಕಟ್ಟೆ ಭಕ್ತಿಯನ್ನು ನಾನು ಒಪ್ಪುವುದಿಲ್ಲ, ಆದರೆ ಈ ಮಾತಿನಲ್ಲಿ ಹುರುಳಿದೆ. ಅಮೆರಿಕದಲ್ಲಿ ದುಡಿಯುವವರ ಪೈಕಿ ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ಲೈಸೆನ್ಸ್ ಬೇಕಾಗಿದೆ, 1950ರ ದಶಕದಲ್ಲಿ ಅದು ನೂರಕ್ಕೆ ಐದರಷ್ಟೂ ಇರಲಿಲ್ಲ ಎಂದು 2015ರಲ್ಲಿ ಒಬಾಮಾ ಆಡಳಿತದ ಶ್ವೇತಭವನವೇ ವರದಿ ಮಾಡಿ ಚಿಂತೆ ತೋಡಿಕೊಂಡಿತ್ತು.

ಆದರೆ ಅದೇ ಅಮೆರಿಕದಿಂದ ಕಲಿಯುವಂಥದ್ದೂ ಇದೆ. ಅಲ್ಲಿ ಎರಡು ಬೇರೆ ಬೇರೆ ಕಾಗದಗಳಿವೆ. ಒಂದು, ಗ್ಯಾಸು ಮುಟ್ಟುವ ಪ್ರತಿಯೊಬ್ಬ ತಂತ್ರಜ್ಞನಿಗೂ ಇಡೀ ದೇಶಕ್ಕೆ ಅನ್ವಯಿಸುವ ಪರೀಕ್ಷೆ. ಶುದ್ಧ ಗಾಳಿ ಕಾಯ್ದೆಯ 608ನೇ ಕಲಮಿನ ಪ್ರಕಾರ 1994ರಿಂದ ಅದು ಕಡ್ಡಾಯ. ಚಿಕ್ಕ ಪರೀಕ್ಷೆ, ಒಮ್ಮೆ ಪಾಸಾದರೆ ಅವಧಿ ಮುಗಿಯುವುದಿಲ್ಲ. ಇನ್ನೊಂದು ಗುತ್ತಿಗೆದಾರನ ಲೈಸೆನ್ಸ್, ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಸಿ-20 ಎಂಬ ಲೈಸೆನ್ಸಿಗೆ ನಾಲ್ಕು ವರ್ಷದ ಕೆಲಸದ ಅನುಭವ ಬೇಕು, ಟೆಕ್ಸಾಸಿನಲ್ಲಿ 48 ತಿಂಗಳಿನದು, ಇಲಿನಾಯ್ಸಿನಲ್ಲಿ ರಾಜ್ಯಮಟ್ಟದ ಲೈಸೆನ್ಸೇ ಇಲ್ಲ. ಅಪಾಯ ಎಲ್ಲಿದೆಯೋ, ಅಂದರೆ ಗ್ಯಾಸಿನಲ್ಲಿ, ಅಲ್ಲಿ ಎಲ್ಲರಿಗೂ ಒಂದೇ ನಿಯಮವಿದೆ. ಕಠಿಣ ಎನಿಸಿಕೊಂಡ ರಾಜ್ಯಗಳೂ ಮೊದಲು ಕೇಳುವುದು ಎಷ್ಟು ವರ್ಷ ಕೈ ಕೆಲಸ ಮಾಡಿದ್ದೀ ಎಂದು. ನಮ್ಮ ಉಸ್ತಾದರ ಬಳಿ ಬೇಕಾದಷ್ಟಿರುವುದು ಅದೊಂದೇ, ಮತ್ತು ನಮ್ಮ ರಾಜ್ಯ ಎಣಿಸದೆ ಬಿಟ್ಟಿರುವುದೂ ಅದನ್ನೇ.

ಎರಡನೆಯ ವಾದ ಇದಕ್ಕೆ ತದ್ವಿರುದ್ಧ. ಏನೂ ಬೇಡ, ಕೆಟ್ಟ ಮೆಕ್ಯಾನಿಕ್‌ನನ್ನು ಜನ ಮತ್ತೆ ಕರೆಯುವುದಿಲ್ಲ, ಮಾರುಕಟ್ಟೆ ತಾನೇ ಸೋಸುತ್ತದೆ. ಇದು ತಂಪಿನ ಮಟ್ಟಿಗೆ ನಿಜ, ಪ್ರಾಣದ ಮಟ್ಟಿಗೆ ಸುಳ್ಳು. ಸಡಿಲ ಬೋಲ್ಟು ಗ್ರಾಹಕನ ಕಣ್ಣಿಗೆ ಬೀಳುವುದಿಲ್ಲ. 2024ರ ಆಗಸ್ಟ್‌ನಲ್ಲಿ ದೆಹಲಿಯ ಕರೋಲ್ ಬಾಗ್ ಪ್ರದೇಶದಲ್ಲಿ ಮೇಲಿನಿಂದ ಔಟ್‌ಡೋರ್ ಯೂನಿಟ್ ಬಿದ್ದು 18 ವರ್ಷದ ಹುಡುಗ ಸತ್ತ. ಅವನು ಆ ಏಸಿಯ ಗ್ರಾಹಕನೂ ಅಲ್ಲ, ಮೆಕ್ಯಾನಿಕನೂ ಅಲ್ಲ, ಕೆಳಗೆ ನಿಂತಿದ್ದವನು ಅಷ್ಟೇ. ಅವನ ಪರವಾಗಿ ಯಾವ ಮಾರುಕಟ್ಟೆ ಯಾರನ್ನು ಸೋಸಬೇಕಿತ್ತು? ಇನ್ನು ಗಾಳಿಗೆ ಬಿಟ್ಟ ಗ್ಯಾಸಿನ ಬೆಲೆಯನ್ನಂತೂ ಯಾವ ಗ್ರಾಹಕನೂ ತೆರುವುದಿಲ್ಲ. ಅದನ್ನು ತೆರುವುದು ಏಸಿಯೇ ಇಲ್ಲದ, ಅದೇ ಬಿಸಿಲಲ್ಲಿ ಭತ್ತ ನಾಟಿ ಮಾಡುವ ಹೆಂಗಸು.

ಈ ಮಾರುಕಟ್ಟೆ ವಾದಕ್ಕೆ ಇನ್ನೊಂದು ಮುಖವಿದೆ, ಅದು ಕಂಪನಿಗಳದು. ಏಸಿ ಮಾರುವಾಗ ಬ್ರ್ಯಾಂಡಿನ ಹೆಸರು ದೊಡ್ಡದಾಗಿ ಇರುತ್ತದೆ, ಜೋಡಿಸಲು ಬರುವವನ ಅಂಗಿಯ ಮೇಲೂ ಇರುತ್ತದೆ. ಆದರೆ ಅವನು ಕಂಪನಿಯವನಲ್ಲ. ಕಂಪನಿ ಸರ್ವೀಸ್ ಸೆಂಟರಿಗೆ ಕೊಡುತ್ತದೆ, ಅದು ಊರಿನ ಗುತ್ತಿಗೆದಾರನಿಗೆ, ಅವನು ಒಂದು ಏಸಿಗೆ ಇಷ್ಟು ಎಂದು ಹುಡುಗರಿಗೆ. ಗುತ್ತಿಗೆದಾರನ ಹಿಂದಿರುವ ಮೂಲ ಮಾಲೀಕನೂ ಪರಿಹಾರಕ್ಕೆ ಹೊಣೆ ಎಂಬ ತತ್ವ 1923ರ ಕಾರ್ಮಿಕ ಪರಿಹಾರ ಕಾಯ್ದೆಯಷ್ಟು ಹಳೆಯದು. ಆದರೆ ಅದನ್ನು ಸಾಧಿಸಲು ಹುಡುಗ ಆವತ್ತು ಅಲ್ಲಿ ಯಾರ ಪರವಾಗಿ ಕೆಲಸದಲ್ಲಿದ್ದ ಎಂಬುದಕ್ಕೆ ಒಂದು ಕಾಗದ ಬೇಕು. ಬಿದ್ದವನ ಜೇಬಿನಲ್ಲಿ ಆ ಕಾಗದ ಇರುವುದಿಲ್ಲ. ಲೈಸೆನ್ಸ್ ಬೇಕು ಎನ್ನುವುದಕ್ಕೆ ನನ್ನ ಮೊದಲ ಕಾರಣ ಇದೇ. ಅದು ಅವನ ಅರ್ಹತೆಯ ಸಾಕ್ಷಿ ಆಗುವ ಮೊದಲು ಅವನ ಇರವಿನ ಸಾಕ್ಷಿ ಆಗಬೇಕು.

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲವೆಂದೇನೂ ಅಲ್ಲ. 2019ರ ಮಾರ್ಚ್‌ನಲ್ಲಿ ಬಂದ ಭಾರತದ ಕೂಲಿಂಗ್ ಆಕ್ಷನ್ ಪ್ಲಾನ್ 2022-23ರ ಹೊತ್ತಿಗೆ 1 ಲಕ್ಷ ಸರ್ವೀಸ್ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರ ಕೊಡುವ ಗುರಿ ಇಟ್ಟುಕೊಂಡಿತ್ತು. ಅನುಭವವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿಯೂ ಕೌಶಲ ಯೋಜನೆಗಳಲ್ಲಿ ಇದೆ. ಆದರೆ ಬೇಕಾದವರು ಬನ್ನಿ ಎಂಬ ಯೋಜನೆಗೆ ಬರುವುದು ಬರಲು ಪುರಸೊತ್ತು ಇರುವವರು. ಬೇಸಿಗೆಯಲ್ಲಿ ಒಂದು ದಿನ ಅಂಗಡಿ ಮುಚ್ಚಿದರೆ ಅವತ್ತಿನ ಕೂಲಿ ಹೋಯಿತು, ಗಿರಾಕಿಯೂ ಹೋದ. ಪ್ರಮಾಣಪತ್ರ ತಂದರೂ ಒಂದು ರೂಪಾಯಿ ಹೆಚ್ಚು ಸಿಗುವುದಿಲ್ಲ, ತರದಿದ್ದರೆ ಯಾರೂ ಕೇಳುವುದಿಲ್ಲ. ಹಾಗಿದ್ದ ಮೇಲೆ ಮಸ್ಕಿಯಿಂದ ಬಸ್ಸು ಹಿಡಿದು ಯಾರು ಯಾಕೆ ಹೋಗಬೇಕು?

ಹಾಗಾದರೆ ಮಾಡುವುದು ಹೇಗೆ? ಉತ್ತರ ಸಿಂಧನೂರಿನ ಮುಖ್ಯ ಬೀದಿಯಲ್ಲೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಊರಿನಲ್ಲಿ ಗೊಬ್ಬರ, ಕ್ರಿಮಿನಾಶಕದ ಅಂಗಡಿಗಳಿಗೆ ಬರವಿಲ್ಲ. ವಿಷ ಮಾರಲು 1968ರ ಕೀಟನಾಶಕ ಕಾಯ್ದೆಯಂತೆ ಲೈಸೆನ್ಸ್ ಬೇಕು. ಮಾರುವವನಿಗೆ ಕೃಷಿ ಅಥವಾ ಸಂಬಂಧಿತ ವಿಷಯದ ವಿದ್ಯಾರ್ಹತೆಯೂ ಬೇಕು ಎಂಬ ನಿಯಮ ಬಂದಾಗ, ವರ್ಷಗಟ್ಟಲೆ ಅಂಗಡಿ ನಡೆಸಿದವರು ಎಲ್ಲಿಗೆ ಹೋಗಬೇಕು ಎಂಬ ಇದೇ ಪ್ರಶ್ನೆ ಎದ್ದಿತು. ಅವರನ್ನು ಯಾರೂ ನಕಲಿ ಎಂದು ಓಡಿಸಲಿಲ್ಲ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲೇ ರೂಪಿಸಿದ್ದ ದೇಸಿ ಎಂಬ ಡಿಪ್ಲೊಮಾ ಕೈಗೆ ಸಿಕ್ಕಿತು. 48 ವಾರ, ವಾರಕ್ಕೆ ಒಂದೇ ದಿನ, ಅದೂ ಭಾನುವಾರ ಅಥವಾ ಮಾರುಕಟ್ಟೆ ರಜೆಯ ದಿನ. 40 ದಿನ ತರಗತಿ, 8 ದಿನ ಹೊಲಕ್ಕೆ ಭೇಟಿ, ಪಾಠ ಸ್ಥಳೀಯ ಭಾಷೆಯಲ್ಲಿ. ಹಳೆಯ ವ್ಯಾಪಾರಿಗಳಿಗೆ ಗಡುವನ್ನೂ ವಿಸ್ತರಿಸಲಾಯಿತು. ವ್ಯಾಪಾರಿಯ ಅಂಗಡಿ ಮುಚ್ಚದಂತೆ ಅವನಿಗೆ ವಿದ್ಯೆ ಕೊಡುವುದು ಹೇಗೆಂದು ರಾಜ್ಯಕ್ಕೆ ಚೆನ್ನಾಗಿಯೇ ಗೊತ್ತು. ವ್ಯಾಪಾರಿಗೆ ಸಲ್ಲುವ ಈ ಮರ್ಯಾದೆ ಮೆಕ್ಯಾನಿಕ್‌ಗೆ ಯಾಕೆ ಸಲ್ಲಬಾರದು? ಇವನ ಕಸುಬಿನಲ್ಲೂ ವಿಷವಿದೆ, ಬೆಂಕಿಯೂ ಇದೆ.

ಆದ್ದರಿಂದ ಕೇಳುತ್ತಿರುವುದು ಇಷ್ಟು. ಗ್ಯಾಸು ಮುಟ್ಟುವ ಪ್ರತಿಯೊಬ್ಬರಿಗೂ ರಾಜ್ಯದ ಪರವಾನಗಿ ಕಡ್ಡಾಯವಾಗಲಿ. ಆದರೆ ಈಗಾಗಲೇ ಕಸುಬಿನಲ್ಲಿರುವವರಿಗೆ ಅನುಭವವೇ ಪ್ರವೇಶವಾಗಲಿ, ಹತ್ತನೇ ತರಗತಿಯ ಅಂಕಪಟ್ಟಿ ಕೇಳಬೇಡಿ. ಪಾಠ ಮತ್ತು ಪರೀಕ್ಷೆ ಕನ್ನಡದಲ್ಲಿ, ಹತ್ತಿರದ ಐಟಿಐ ವರ್ಕ್‌ಶಾಪಿನಲ್ಲಿ, ಬೇಸಿಗೆ ಬಿಟ್ಟು ಕೆಲಸ ಕಡಿಮೆಯಿರುವ ತಿಂಗಳುಗಳ ರಜೆ ದಿನಗಳಲ್ಲಿ ನಡೆಯಲಿ. ಪರೀಕ್ಷೆ ಪೆನ್ನಿನದಲ್ಲ, ಕೈಯದಾಗಲಿ. ಒಂದು ಫ್ಲೇರ್ ಮಾಡಿ ತೋರಿಸು, ವ್ಯಾಕ್ಯೂಮ್ ಎಳೆದು ತೋರಿಸು, ಪಂಪ್‌ಡೌನ್ ಮಾಡಿ ತೋರಿಸು. ವ್ಯಾಕ್ಯೂಮ್ ಪಂಪು, ನೈಟ್ರೋಜನ್ ಕಿಟ್, ಎತ್ತರಕ್ಕೆ ಹತ್ತುವ ಬೆಲ್ಟು ಕೊಳ್ಳಲು ವಿಶ್ವಕರ್ಮದ ಮಾದರಿಯಲ್ಲೇ ನೆರವು ಸಿಗಲಿ. ಲೈಸೆನ್ಸಿನ ಜೊತೆಗೇ ಅಪಘಾತ ವಿಮೆ ಬರಲಿ. ಕೊನೆಯದಾಗಿ, ಶಿಕ್ಷೆಯ ಭಾರ ಕೆಳಗಿನವನ ಮೇಲೆ ಬೀಳದಿರಲಿ. ಲೈಸೆನ್ಸ್ ಇಲ್ಲದವನನ್ನು ಕೆಲಸಕ್ಕೆ ಕಳಿಸಿದರೆ ದಂಡ ಕಳಿಸಿದ ಗುತ್ತಿಗೆದಾರನಿಗೂ ಅಂಗಿಯ ಮೇಲೆ ಹೆಸರು ಬರೆಸಿದ ಕಂಪನಿಗೂ ಬೀಳಲಿ. ಕನ್ನಡದ ಕೈಪಿಡಿ, ಕನ್ನಡದ ಎಚ್ಚರಿಕೆ ಇಲ್ಲದ ಯಂತ್ರ ಇಲ್ಲಿ ಮಾರಾಟವಾಗದಿರಲಿ.

ದುಡ್ಡಿಲ್ಲ ಎನ್ನುವಂತಿಲ್ಲ. 371ಜೆ ಕಲಂ ಬಂದ ಮೇಲೆ ನಮ್ಮ ಭಾಗಕ್ಕೆಂದೇ ಒಂದು ಅಭಿವೃದ್ಧಿ ಮಂಡಳಿ ಇದೆ. 2024-25ರ ಬಜೆಟ್ಟಿನಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. 371ಜೆ ಪ್ರಮಾಣಪತ್ರಕ್ಕೆ ತಹಸೀಲ್ದಾರ್ ಕಚೇರಿಯ ಮುಂದೆ ನಿಲ್ಲುವವರು ಓದು, ನೌಕರಿ ಹುಡುಕುವ ನನ್ನಂಥವರು. ಓದು ನಿಲ್ಲಿಸಿ ಏಣಿ ಹಿಡಿದವನ ಕೈಗೆ ಆ ಕಲಮಿನಿಂದ ಏನು ಬಂತು? ಅವನು ದುಡಿಯುತ್ತಿರುವುದೂ ಇದೇ ನೆಲದಲ್ಲಿ, ಇದೇ ಬಿಸಿಲಲ್ಲಿ.

ಮಸ್ಕಿಯ ಬಂಡೆ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದನ್ನು, ದೇವಾನಾಂಪ್ರಿಯನೇ ಅಶೋಕ ಎಂದು ಅದರಿಂದ ಖಚಿತವಾದದ್ದನ್ನು ನಾವು ಪರೀಕ್ಷೆಗಳಿಗೆ ಓದುತ್ತೇವೆ. ಆ ಶಾಸನ ಹೇಳಿದ್ದೇನೆಂಬುದನ್ನು ಅಷ್ಟಾಗಿ ಓದುವುದಿಲ್ಲ. ದೊಡ್ಡವರಿಗೆ ಮಾತ್ರ ಇದು ದಕ್ಕುತ್ತದೆ ಎಂದು ತಿಳಿಯಬೇಡಿ, ಸಣ್ಣವನಿಗೂ ದಕ್ಕುತ್ತದೆ, ಇಬ್ಬರಿಗೂ ಇದನ್ನು ಹೇಳಿ ಎಂಬರ್ಥದ ಮಾತು ಅದರಲ್ಲಿದೆ. ಅಶೋಕ ಹೇಳಿದ್ದು ಧರ್ಮದ ಬಗ್ಗೆ, ನಾನು ಹೇಳುತ್ತಿರುವುದು ಒಂದು ಸರ್ಕಾರಿ ಕಾಗದದ ಬಗ್ಗೆ. ಆದರೆ ತಿಳಿವಳಿಕೆ ಎಲ್ಲಿಗೆ ತಲುಪಬೇಕು ಎಂಬ ಪ್ರಶ್ನೆ ಎರಡಕ್ಕೂ ಒಂದೇ. ಅದಕ್ಕೇ ಅವನು ತನ್ನ ಮಾತನ್ನು ಜನರಾಡುವ ಪ್ರಾಕೃತದಲ್ಲಿ ಬರೆಸಿದ.

ಈ ಏಪ್ರಿಲ್‌ನಲ್ಲೂ ಕಚೇರಿಗಳು ಒಂದೂವರೆಗೆ ಮುಚ್ಚುತ್ತವೆ. ಕಡತಕ್ಕೆ ಸಹಿ ಹಾಕುವ ಕೋಣೆಯನ್ನು ಆ ಹೊತ್ತಿನ ತನಕ ತಂಪಾಗಿಟ್ಟವನ ಹೆಸರು ಆ ಕಡತಗಳಲ್ಲಿ ಎಲ್ಲೂ ಇಲ್ಲ. ಮೊದಲು ಅದನ್ನು ಬರೆದುಕೊಳ್ಳಿ.